ಬಚ್ಚಿಡದ ತುರಿಮಣೆ

ಆ ಬೆಳಿಗ್ಗೆ ಹನ್ನೊಂದನೆಯ ಸಕ್ಕರೆ ಗೊಂಬೆಗೆ ಕಣ್ಣು ಬರೆಯುವ ಹೊತ್ತಿಗೆ ನಿನ್ಫಾಳ ಕೈ ನಿಂತುಬಿಟ್ಟಿತು. ನಡುಗಲಿಲ್ಲ, ನೋಯಲಿಲ್ಲ, ಹೊರಗೆ ಯಾರೋ ಕರೆದಂತಾಗಿ ಮಾತನ್ನು ಅರ್ಧಕ್ಕೇ ಬಿಟ್ಟು ಕಿವಿಗೊಡುವವರ ಹಾಗೆ ಸುಮ್ಮನೆ ನಿಂತಿತು. ಕುಂಚದ ತುದಿಯಲ್ಲಿ ಕಪ್ಪು ಹನಿ ದಪ್ಪವಾಗುತ್ತ ಬಂತು. ಅದು ಬೀಳುವ ಮುಂಚೆ ಮಡಿಲ ಬಟ್ಟೆಗೆ ಒರೆಸಿ ಅವಳು ಗೊಂಬೆಯನ್ನು ನೋಡಿದಳು. ಹೂಜಿ ಹೊತ್ತ ಹೆಣ್ಣು. ಇಪ್ಪತ್ತೆರಡು ವರ್ಷದಿಂದ ಅದೇ ಅಚ್ಚು, ಅದೇ ಕೆಂಪು ಲಂಗ, ಅದೇ ಗುಲಾಬಿ ಕೆನ್ನೆ. ಕಣ್ಣು ಬರೆಯಬೇಕಾದ ಜಾಗದಲ್ಲಿ ಎರಡು ಉಬ್ಬು. ಅಚ್ಚಿನಲ್ಲಿ ಅವು ಮೊದಲಿನಿಂದಲೂ ಇದ್ದದ್ದೇ. ಈ ವರ್ಷ ಮಾತ್ರ ಅವು ಫೆಬ್ರವರಿಯಲ್ಲಿ ಆಸ್ಪತ್ರೆಯ ದಿಂಬಿನ ಮೇಲೆ ಊದಿಕೊಂಡು ಮುಚ್ಚಿದ್ದ ರೆಪ್ಪೆಗಳಾಗಿದ್ದವು. ತಂಗಿ ಒಲಿವಾಳ ರೆಪ್ಪೆಗಳು. ಕಪ್ಪು ಚುಕ್ಕೆ ಇಟ್ಟರೆ ತೆರೆದುಕೊಂಡು ತನ್ನನ್ನೇ ನೋಡುತ್ತವೆ, ಇಡದೆ ಬಿಟ್ಟರೆ ಕಾಯುತ್ತಲೇ ಇರುತ್ತವೆ. ಎರಡರಲ್ಲಿ ಯಾವುದು ವಾಸಿ ಎಂದು ಯೋಚಿಸುತ್ತ ಕೂರುವುದು ನಲವತ್ತು ದಾಟಿದ ಹೆಂಗಸಿಗೆ ಶೋಭಿಸುವ ಕೆಲಸವಲ್ಲ ಎಂದು ಅವಳಿಗೂ ಗೊತ್ತಿತ್ತು.

“ಏನಮ್ಮಾ ನಿನ್ಫಾ, ಗೊಂಬೆ ಏನಾದ್ರೂ ಹೇಳ್ತಾ?” ಅಂಗಡಿಯ ಯಜಮಾನ ದೊನ್ ಗಾಸ್ಪಾರೆ ಪಾಕದ ತಪ್ಪಲೆ ಹಿಡಿದು ಹಿಂದೆ ನಿಂತಿದ್ದ. “ನಾಳೆ ಬೆಳಗಾಗೋದ್ರೊಳಗೆ ಪಲೆರ್ಮೊದ ಸತ್ತವರೆಲ್ಲ ಎದ್ದು ಮಕ್ಕಳ ಮನೆಗೆ ಹೋಗ್ಬೇಕು. ಬರಿಗೈಲಿ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

“ಬರೀತೀನಿ.”

“ಸತ್ತವರಂಥ ಗಿರಾಕಿ ನನಗೆ ಇನ್ನೊಬ್ಬರಿಲ್ಲ ನೋಡು. ಚೌಕಾಸಿ ಇಲ್ಲ. ಸಿಹಿ ಜಾಸ್ತಿ ಆಯ್ತು ಅಂತ ವಾಪಸ್ ತರೋದೂ ಇಲ್ಲ.” ತನ್ನ ಮಾತಿಗೆ ತಾನೇ ನಕ್ಕ. ನಗು ಅರ್ಧ ದಾರಿಯಲ್ಲಿರುವಾಗ ಅವನಿಗೆ ಈ ವರ್ಷ ಅವಳ ಮನೆಯಲ್ಲಿ ಏನಾಯಿತೆಂಬುದು ನೆನಪಾಗಿರಬೇಕು. ತಪ್ಪಲೆಯನ್ನು ಕೆಳಗಿಟ್ಟು, ಗೋಡೆಯನ್ನು ನೋಡಿಕೊಂಡು, “ಅದನ್ನ ಮನೆಗೆ ತಗೊಂಡ್ಹೋಗು. ಮಗೂಗೆ,” ಅಂದ. ಬಾದಾಮಿ ಹಿಟ್ಟಿನ ಹಣ್ಣು ತಿದ್ದುತ್ತಿದ್ದ ಹುಡುಗಿಯರು ಮೂವರೂ ತಲೆ ಎತ್ತಿ ಅವಳನ್ನು ನೋಡಿ, ಮೂವರೂ ಒಟ್ಟಿಗೇ ತಲೆ ತಗ್ಗಿಸಿದರು. ಬೈದಿದ್ದರೆ ಸಹಿಸಬಹುದಿತ್ತು. ಈ ಅಯ್ಯೋ ಪಾಪಗಳು ಮೈಮೇಲೆ ಸಕ್ಕರೆ ಹುಡಿಯಂತೆ ಕೂತುಬಿಡುತ್ತವೆ, ಕೊಡವಿದಷ್ಟೂ ಅಂಟುತ್ತವೆ.

ಕಣ್ಣು ಬರೆದಳು. ಬರೆದ ಮೇಲೆ, ಯಾಕೆಂದು ತನಗೇ ತಿಳಿಯದೆ, ಗೊಂಬೆಯನ್ನು ತಿರುಗಿಸಿದಳು. ಸಕ್ಕರೆ ಗೊಂಬೆಗಳ ಬೆನ್ನಿಗೆ ಯಾರೂ ಬಣ್ಣ ಹಚ್ಚುವುದಿಲ್ಲ. ಮುಂದೆ ಕೆಂಪು, ಹಸಿರು, ಬೆಳ್ಳಿ ಚುಕ್ಕಿ. ಹಿಂದೆ ಬೋಳು ಬಿಳುಪು. ಗಾಜಿನ ಹಿಂದೆ ನಿಲ್ಲುವ ಗೊಂಬೆಗೆ ಅಷ್ಟು ಸಾಕು. ಒಲಿವಾ ನಾಲ್ಕೋ ಐದೋ ವರ್ಷದವಳಿದ್ದಾಗ ಗೊಂಬೆಯನ್ನು ಹೀಗೇ ತಿರುಗಿಸಿ, “ಅಕ್ಕಾ, ಇದಕ್ಕೆ ಬೆನ್ನಿಲ್ಲ,” ಅಂದಿದ್ದಳು. “ಬೆನ್ನು ಯಾರೇ ನೋಡ್ತಾರೆ?” “ಅದು ತಿರುಗಿ ಹೊರಟಾಗ?” ಆಗ ತಾನು ನಕ್ಕಿದ್ದು ನೆನಪಿದೆ. ಈಗ ಸಣ್ಣ ಕುಂಚ ಎತ್ತಿಕೊಂಡು, ಹುಡುಗಿಯರಿಗೆ ಕಾಣದಂತೆ ಮೊಣಕೈ ಅಡ್ಡವಿಟ್ಟು, ಆ ಬಿಳಿ ಬೆನ್ನಿನ ಮೇಲೆ ಕಂದು ಬಣ್ಣದ ಉದ್ದನೆಯ ಜಡೆ ಬರೆದಳು. ಜಡೆಯ ತುದಿಗೆ ಹಸಿರು ಪಟ್ಟಿ. ಕೈ ಈ ಸಲ ಎಲ್ಲೂ ನಿಲ್ಲಲಿಲ್ಲ. ಬಣ್ಣ ಒಣಗುವವರೆಗೆ ಗೊಂಬೆಯನ್ನು ಬೋರಲು ಮಲಗಿಸಿದ್ದಾಗ, ಯಾರೋ ಗೋಡೆಯ ಕಡೆ ಮುಖ ಮಾಡಿ ಮಲಗಿದ ಹಾಗೆ ಕಂಡಿತು. ಅವಳು ಬೇಗ ಕಾಗದ ಸುತ್ತಿಬಿಟ್ಟಳು.

ಮಧ್ಯಾಹ್ನದ ಬಿಸಿಲಲ್ಲಿ ಬೀದಿಯ ತುಂಬ ಜನ, ಎಲ್ಲರ ಕೈಯಲ್ಲೂ ಮುಚ್ಚಿದ ಪೊಟ್ಟಣ. ಮಕ್ಕಳು ಜೊತೆಗಿದ್ದವರು ಪೊಟ್ಟಣವನ್ನು ಕೋಟಿನೊಳಗೆ, ಎಲೆಕೋಸಿನ ಚೀಲದ ತಳಕ್ಕೆ ತುರುಕಿಕೊಂಡು ಮುಖ ಗಂಟಿಕ್ಕಿ ನಡೆಯುತ್ತಿದ್ದರು. ಒಂದಿಡೀ ಊರು ಸೇರಿ ಸುಳ್ಳು ಹೇಳುವಾಗ ಎಷ್ಟು ಶ್ರದ್ಧೆ. ಮನೆಯ ಸತ್ತವರು ಈ ಒಂದು ರಾತ್ರಿ ಬಂದು ಒಳ್ಳೆಯ ಮಕ್ಕಳಿಗೆ ಗೊಂಬೆ, ಹಣ್ಣು, ಆಟದ ಸಾಮಾನು ಬಚ್ಚಿಟ್ಟು ಹೋಗುತ್ತಾರೆ. ಕೆಟ್ಟ ಮಕ್ಕಳಾದರೆ ಅಡುಗೆಮನೆಯ ಚೀಸ್ ತುರಿಮಣೆ ತೆಗೆದುಕೊಂಡು ಅವರ ಅಂಗಾಲು ತುರಿಯುತ್ತಾರೆ. ಅದಕ್ಕೇ ಇವತ್ತು ಸಂಜೆ ಊರಿನ ಯಾವ ಮನೆಯಲ್ಲೂ ತುರಿಮಣೆ ಗೋಡೆಯ ಮೊಳೆಯ ಮೇಲೆ ಇರುವುದಿಲ್ಲ. ಮಕ್ಕಳು ಅದನ್ನು ಒಲೆಯೊಳಗೆ, ಹಾಸಿಗೆಯ ಸುರುಳಿಯೊಳಗೆ, ಬಾವಿಕಟ್ಟೆಯ ಹಿಂದೆ ಬಚ್ಚಿಡುತ್ತಾರೆ. ದೊಡ್ಡವರು ಕಂಡೂ ಕಾಣದಂತಿರುತ್ತಾರೆ. ನಿನ್ಫಾ ಹತ್ತನೆಯ ವಯಸ್ಸಿಗೇ ಈ ಆಟದಿಂದ ಎದ್ದು ಬಂದವಳು. ಆದರೂ ಇಪ್ಪತ್ತೆರಡು ವರ್ಷದಿಂದ ಅದಕ್ಕೇ ಬಣ್ಣ ಹಚ್ಚಿ ಊಟ ಮಾಡುತ್ತಿದ್ದಾಳೆ. ಇದರಲ್ಲಿ ನಗುವಂಥದ್ದೇನಾದರೂ ಇದ್ದರೆ ಅದನ್ನು ಹೇಳಿಕೊಳ್ಳಬಹುದಾಗಿದ್ದವಳು ಒಲಿವಾ ಒಬ್ಬಳೇ. ಈಗ ಅವಳೂ ಸತ್ತವರ ಕಡೆಗೆ ಸೇರಿಹೋಗಿದ್ದಾಳೆ.

ಮೆಟ್ಟಿಲ ಮೇಲೆ ಕೆಳಗಿನ ಮನೆಯ ಸಾರಿನಾ ಅಜ್ಜಿ ಮೊರದಲ್ಲಿ ಕಾಳು ಆರಿಸುತ್ತ ಕೂತಿದ್ದಳು. ನಿನ್ಫಾ ಕೆಲಸಕ್ಕೆ ಹೋದಾಗ ಒಲಿವಾಳ ಮಗಳನ್ನು ನೋಡಿಕೊಳ್ಳುವವಳು ಅವಳೇ.

“ಬಂದ್ಯೇನೇ? ತುರಿಮಣೆ ಬಚ್ಚಿಟ್ಟಾಯ್ತಾ? ನಾನು ನಂದನ್ನ ಮಂಚದ ಕೆಳಗೆ ತಳ್ಳಿದೀನಪ್ಪ. ಎಪ್ಪತ್ತಾರಾಯ್ತು, ಆದ್ರೂ ನಮ್ಮತ್ತೇನ ನಂಬಕ್ಕಾಗಲ್ಲ. ಬದುಕಿದ್ದಾಗ್ಲೇ ನನ್ನ ಕಾಲು ಹುಡುಕ್ತಿದ್ಲು ಮುದುಕಿ.”

“ನಿಮ್ಮನ್ನ ತುರಿದ್ರೆ ಮಣೆ ಹಲ್ಲೇ ಮೊಂಡಾಗತ್ತೆ ಅಜ್ಜಿ.”

“ಆಗ್ಲಿ ಬಿಡು, ಅವಳಿಗೂ ಹಲ್ಲಿರ್ಲಿಲ್ಲ.” ಅಜ್ಜಿ ನಕ್ಕು, ಆಮೇಲೆ ಮೇಲಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಿನ್ನ ಹುಡುಗೀದು ಬೆಳಿಗ್ಗೆಯಿಂದ ಒಂದೇ ಪ್ರಶ್ನೆ ಕಣೆ. ಸತ್ತವರಿಗೆ ಮೂಗಿರತ್ತಾ ಅಜ್ಜಿ, ವಾಸನೆ ಗೊತ್ತಾಗತ್ತಾ ಅಂತ. ಮೂಗೇ ಮೊದ್ಲು ಹೋಗೋದು ಮಗಾ ಅಂದೆ. ಅಳಕ್ಕೆ ಶುರು ಮಾಡ್ಬಿಟ್ಲು. ನಾನೇನು ಕೆಟ್ಟದ್ದಂದೆ ಹೇಳು?”

ನಿನ್ಫಾ ಮೆಟ್ಟಿಲು ಹತ್ತಿದಳು. ವಾಸನೆ. ಆ ಮಾತು ಎಂಟು ತಿಂಗಳಿಂದ ಮನೆಯಲ್ಲಿ ಯಾರ ಬಾಯಿಗೂ ಬಂದಿರಲಿಲ್ಲ. ಮೀನು ಕೆಟ್ಟಿದ್ದರೂ ಅವಳು ಸುಮ್ಮನೆ ಎಸೆಯುತ್ತಿದ್ದಳು.

ಪೊಟ್ಟಣವನ್ನು ಒಲಿವಾಳ ಹಳೆಯ ಹೊಲಿಗೆ ಯಂತ್ರದ ಮುಚ್ಚಳದೊಳಗೆ ಇಟ್ಟು, ನೀರು ಕುದಿಯಲಿಟ್ಟು, ಚೀಸ್ ತುರಿಯಬೇಕೆಂದು ಗೋಡೆಗೆ ಕೈ ಚಾಚಿದರೆ ಮೊಳೆ ಖಾಲಿ. ಅಷ್ಟು ಬೇಗ ಬಚ್ಚಿಟ್ಟಳೇ ಎಂದು ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು. ಉಳಿದ ಮಕ್ಕಳು ಮಾಡುವುದನ್ನು ಈ ಮಗುವೂ ಮಾಡುತ್ತಿದೆ.

“ಜೀತಾ, ತುರಿಮಣೆ ಎಲ್ಲೇ? ಒಂದ್ ನಿಮಿಷ ಕೊಟ್ಟಿರು, ಆಮೇಲೆ ಮತ್ತೆ ಬಚ್ಚಿಡು.”

ಏಳು ವರ್ಷದ ಜೀತಾ ಒಳಕೋಣೆಯಿಂದ ಬಂದಳು. ತಗಡಿಗೆ ಮೊಳೆ ಹೊಡೆದು ತೂತು ಮಾಡಿ ಹಲಗೆಗೆ ಬಡಿದ ಆ ಹಳೆಯ ಮಣೆಯನ್ನು ಎರಡೂ ಕೈಯಲ್ಲಿ, ಚರ್ಚಿನಲ್ಲಿ ಮೇಣದಬತ್ತಿಯ ತಟ್ಟೆ ಹಿಡಿಯುವಂತೆ ಹಿಡಿದಿದ್ದಳು. “ಬಚ್ಚಿಟ್ಟಿರ್ಲಿಲ್ಲ. ನನ್ನ ಹಾಸಿಗೆ ಹತ್ರ ಇಟ್ಟಿದ್ದೆ. ತುರಿದ ಮೇಲೆ ವಾಪಸ್ ಕೊಡು ದೊಡ್ಡಮ್ಮಾ.”

“ಹಾಸಿಗೆ ಹತ್ರ ಇಟ್ರೆ ಅವರಿಗೆ ಕಾಣತ್ತಲ್ಲೇ, ಪೆದ್ದಿ.”

“ಕಾಣ್ಲಿ.”

ನೀರು ಕುದಿಯತೊಡಗಿತ್ತು. ನಿನ್ಫಾ ಚೀಸಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಆಟದ ಸಾಮಾನು ತರಕ್ಕೆ ಯಾರು ಬೇಕಾದ್ರೂ ಬರ್ತಾರೆ,” ಎಂದಳು ಜೀತಾ, ಲೆಕ್ಕ ಒಪ್ಪಿಸುವ ದನಿಯಲ್ಲಿ. “ಸಾರಿನಾ ಅಜ್ಜಿ ಗಂಡ ಕೂಡ ಬರ್ಬೋದು. ಆದ್ರೆ ತುರಿಯಕ್ಕೆ ಅಮ್ಮನೇ ಬರ್ಬೇಕು. ನನ್ನ ಮೇಲೆ ಕೋಪ ಇರೋದು ಅವಳಿಗೇ ತಾನೆ? ಕಾಲು ಚೆನ್ನಾಗಿ ತೊಳ್ಕೊಂಡು ಹೊದಿಕೆ ಹೊರಗೆ ಇಟ್ಕೊಂಡು ಮಲಗ್ತೀನಿ. ಮಣೆ ಹುಡುಕ್ತಾ ಅವಳಿಗೆ ಹೊತ್ತಾಗ್ಬಾರ್ದು. ಬೆಳಕು ಬಂದ್ರೆ ಹೊರಟ್ಹೋಗ್ತಾರಂತೆ.”

“ನಿನ್ನ ಮೇಲೆ ಅವಳಿಗೇನು ಕೋಪ?”

“ನಾನು ಆಸ್ಪತ್ರೆಗೆ ಬರಲ್ಲ ಅಂದಿದ್ನಲ್ಲ. ಅಲ್ಲಿ ವಾಸನೆ, ಬರಲ್ಲ ಅಂತ.” ಮಗು ಅವಳ ಮುಖವನ್ನೇ ನೋಡುತ್ತಿತ್ತು. “ದೊಡ್ಡಮ್ಮಾ, ಅದನ್ನ ನೀನು ಅಮ್ಮಂಗೆ ಹೇಳಿದ್ಯಾ?”

“ಇಲ್ಲ.”

ಅಷ್ಟು ಬೇಗ ಬಂದ ಉತ್ತರವನ್ನು ಮಗು ನಂಬಿತೋ ಇಲ್ಲವೋ. “ಆದ್ರೂ ಸತ್ತ ಮೇಲೆ ಎಲ್ಲಾ ಗೊತ್ತಾಗತ್ತೆ,” ಎಂದಷ್ಟೇ ಹೇಳಿ ಮಣೆಯನ್ನು ಮೇಜಿನ ಮೇಲಿಟ್ಟು, ಅದನ್ನು ಕಾಯುವವಳಂತೆ ಪಕ್ಕದಲ್ಲೇ ಕೂತಳು. ನಿನ್ಫಾ ತುರಿಯತೊಡಗಿದಳು. ಚೀಸು ಸಣ್ಣಗೆ ಉದುರುತ್ತಿತ್ತು, ಮಗು ತಗಡಿನ ಹಲ್ಲುಗಳನ್ನು ನೋಡುತ್ತಿತ್ತು, ಅಜ್ಜಿಯ ಮೊರದ ಸದ್ದು ಕೆಳಗಿನಿಂದ ಕೇಳುತ್ತಿತ್ತು, ಮತ್ತೆ ಅದು ಫೆಬ್ರವರಿಯ ಭಾನುವಾರವಾಗಿತ್ತು. ಇದೇ ಮೇಜಿನ ಪಕ್ಕ ಇದೇ ಮಗು ಮೂಗು ಮುಚ್ಚಿಕೊಂಡು, “ನಾನು ಬರಲ್ಲ, ಅಲ್ಲಿ ವಾಸನೆ,” ಅಂದಿತ್ತು. ಅಂದದ್ದು ಒಂದೇ ಸಲ. ಆಮೇಲೆ, ತಾನು ಕೋಟು ಹಾಕಿಕೊಂಡು ತಿರುಗುವಷ್ಟರಲ್ಲಿ, ಮಗು ಬಾಗಿಲ ಹತ್ತಿರ ನೆಲದ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿತ್ತು. ಬಲಗಾಲಿಗೆ ಹಾಕಿಯಾಗಿತ್ತು, ನಾಲಿಗೆ ಹೊರಚಾಚಿಕೊಂಡು ಎಡಗಾಲಿನ ಶೂ ಪಟ್ಟಿಯ ಬಕ್ಕಲಿನ ಜೊತೆ ಗುದ್ದಾಡುತ್ತಿತ್ತು. ಅದನ್ನು ನಿನ್ಫಾ ಕಂಡಳು. ಕಂಡು, ಬಸ್ಸಿನಲ್ಲಿ ಅಳುವ ಮಗುವನ್ನು ನೆನೆದಳು, ಸಿಸ್ಟರುಗಳ ನೋಟವನ್ನು ನೆನೆದಳು, ಆ ಊದಿದ ಮುಖವನ್ನು ಮಗು ನೋಡುವಾಗ ತಾನು ಪಕ್ಕದಲ್ಲಿ ನಿಂತಿರಬೇಕಾದ ಆ ಹೊತ್ತನ್ನು ನೆನೆದಳು. “ನಾಳೆ ಹೋದ್ರಾಯ್ತು ಬಿಡು,” ಎಂದು ಬಗ್ಗಿ, ತನ್ನ ಕೈಯಾರೆ ಬಲಗಾಲಿನ ಶೂವನ್ನೂ ಬಿಚ್ಚಿದಳು. ಆಸ್ಪತ್ರೆಯಲ್ಲಿ ಒಲಿವಾ ಬಾಗಿಲ ಕಡೆಗೇ ಮುಖ ಮಾಡಿಕೊಂಡಿದ್ದಳು. “ಎಲ್ಲಿ ಅವಳು?” ಆಗ ಶೂ ವಿಷಯ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: “ಬರಲ್ಲ ಅಂದ್ಳು ಕಣೆ. ಅಲ್ಲಿ ವಾಸನೆ ಅಂತೆ.” ತಾನು ನಕ್ಕೂ ಇದ್ದಳು, ಮಕ್ಕಳ ತುಂಟ ಮಾತಿಗೆ ನಗುವ ಹಾಗೆ. ಒಲಿವಾ ಸಿಟ್ಟಾಗಲಿಲ್ಲ. “ಹೂಂ, ವಾಸನೆ ಇದೆ,” ಎಂದು, ನಿಧಾನವಾಗಿ ಗೋಡೆಯ ಕಡೆ ತಿರುಗಿಕೊಂಡಳು. ಬಿಚ್ಚಿಹೋದ ಜಡೆ ಬೆನ್ನ ಮೇಲೆ ಬಿದ್ದಿತ್ತು. ಬೆಳಗಿನ ಜಾವಕ್ಕೆ ಹೋಗಿಬಿಟ್ಟಳು. ನಿನ್ಫಾ ಕೊನೆಯದಾಗಿ ಕಂಡದ್ದು ಆ ಬೆನ್ನನ್ನು.

“ಸಾಕು ದೊಡ್ಡಮ್ಮಾ, ಬೆರಳು ತುರೀತಿದೀಯಾ,” ಎಂದಳು ಜೀತಾ.

ಊಟವಾಯಿತು. ಮಗು ತಟ್ಟೆ ತೊಳೆಯುವ ಮೊದಲು ಮಣೆಯನ್ನು ತೊಳೆದು ಒರೆಸಿ ಒಳಗೆ ಒಯ್ದಿತು. ನಿನ್ಫಾ ಕಿಟಕಿಯ ಹತ್ತಿರ ಕೂತು ಮಗುವಿನ ಕಪ್ಪು ಉಡುಪಿನ ಅಂಚು ಬಿಡಿಸಿ ಉದ್ದ ಮಾಡತೊಡಗಿದಳು. ನಾಳೆ ಸ್ಮಶಾನಕ್ಕೆ ಹಾಕಿಕೊಂಡು ಹೋಗಬೇಕು, ಎಂಟು ತಿಂಗಳಲ್ಲಿ ಮೊಣಕಾಲು ಕಾಣುವಷ್ಟು ಬೆಳೆದಿದ್ದಾಳೆ. ಮಗುವಿನ ಅಪ್ಪ ಅದು ನಡೆಯುವ ಮುಂಚೆಯೇ ಹಡಗು ಹತ್ತಿ ಹೋದವನು, ಅವನನ್ನು ಬದುಕಿದವರಲ್ಲೂ ಸೇರಿಸುವಂತಿಲ್ಲ, ಸತ್ತವರಲ್ಲೂ ಸೇರಿಸುವಂತಿಲ್ಲ. ಉಳಿದದ್ದು ತಾನು. ಸಂಜೆ ಹತ್ತಿರವಾದಂತೆ ತನ್ನೆದುರಿನ ಗಂಟು ಅವಳಿಗೆ ಇನ್ನಷ್ಟು ಸ್ಪಷ್ಟವಾಗತೊಡಗಿತು. ಬೆಳಿಗ್ಗೆ ಮಗು ಎದ್ದು ತನ್ನ ಅಂಗಾಲು ನೋಡಿಕೊಳ್ಳುತ್ತದೆ. ಗೀರಿಲ್ಲದಿದ್ದರೆ ಅಮ್ಮ ಬರಲೇ ಇಲ್ಲ, ಕೋಪ ತೀರಿಸಿಕೊಳ್ಳುವಷ್ಟೂ ಮುಖ ನೋಡಲಿಲ್ಲ ಎಂದುಕೊಳ್ಳುತ್ತದೆ. ಒಂದು ಗೀರು, ಬೆಕ್ಕು ಪರಚಿದಷ್ಟು, ಇದ್ದರೆ ಅಮ್ಮ ಬಂದಿದ್ದಳು, ನಿಜವಾಗಿಯೂ ಕೋಪದಲ್ಲಿದ್ದಳು ಎಂದು ಸಾಯುವವರೆಗೂ ನಂಬುತ್ತದೆ. ಸತ್ತವರು ಬರುವುದಿಲ್ಲ, ಅದೆಲ್ಲ ನಾವೇ ಇಡುವುದು ಎಂದು ಹೇಳಿಬಿಡಬಹುದು. ಅದೊಂದು ಮಾತು ತನಗೆ ಚೆನ್ನಾಗಿ ಬರುತ್ತದೆ. ಹಿಂದೊಮ್ಮೆ ಹೇಳಿ ಅಭ್ಯಾಸವಿದೆ.

ತನ್ನ ಅಪ್ಪ ಸತ್ತ ವರ್ಷ. ಆಗಸ್ಟಿನಲ್ಲಿ ಹೋಗಿದ್ದ, ನವೆಂಬರಿಗೆ ಅವನು ಹೊಸ ಸತ್ತವನು, ಅವನೇ ಬರಬೇಕು. ಹತ್ತು ವರ್ಷದ ನಿನ್ಫಾ ಕಣ್ಣು ಮುಚ್ಚದೆ ಹೊದಿಕೆಯ ಅಂಚಿನಿಂದ ನೋಡುತ್ತ ಮಲಗಿದ್ದಳು. ಬಂದವಳು ಅಮ್ಮ, ಬರಿಗಾಲಲ್ಲಿ, ಕಪ್ಪು ಶಾಲಿನಲ್ಲಿ ಏನನ್ನೋ ಮಗುವಿನ ಹಾಗೆ ಎತ್ತಿಕೊಂಡು, ಬಾಯಿ ತೆರೆದು ಸದ್ದಿಲ್ಲದೆ ಅಳುತ್ತ. ಅಳುವ ಬಾಯಿ ಅಷ್ಟು ದೊಡ್ಡದಾಗಿ ತೆರೆದಿರುವಾಗಲೂ ಸದ್ದೇ ಬಾರದಿರುವುದನ್ನು ನಿನ್ಫಾ ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೆಳಿಗ್ಗೆ ಆರು ವರ್ಷದ ಒಲಿವಾ ಗೊಂಬೆಯನ್ನು ಎದೆಗೊತ್ತಿಕೊಂಡು, “ಅಪ್ಪ ಬಂದಿದ್ದ, ಅಪ್ಪ ತಂದ,” ಎಂದು ಕುಣಿಯುವಾಗ, ತಾನೊಬ್ಬಳೇ ಆ ಬಾಯಿಯನ್ನು ಕಂಡಿದ್ದೇನೆಂಬುದನ್ನು ಹೊರಲಾರದೆ, ಅವಳ ಕಿವಿ ಹಿಡಿದೆಳೆದು ಹೇಳಿಬಿಟ್ಟಳು. “ಯಾವ ಅಪ್ಪಾನೂ ಬಂದಿಲ್ಲ. ಅವನು ಮಣ್ಣೊಳಗಿದಾನೆ. ಅಮ್ಮ ಇಟ್ಟಿದ್ದು, ನಾನು ನೋಡ್ದೆ.” ಒಲಿವಾ ಅಳಲಿಲ್ಲ. ತುಂಬ ಹೊತ್ತು ಅವಳನ್ನೇ ನೋಡಿ, ದೊಡ್ಡವರು ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: “ನಿನಗೆ ಕಣ್ಣು ಮುಚ್ಚಕ್ಕೆ ಬರಲ್ಲ ಅಕ್ಕಾ. ಅದಕ್ಕೇ ಅವನು ನಿನ್ನ ಹತ್ರ ಬರಲ್ಲ.” ಅಷ್ಟೇ. ಅಲ್ಲಿಂದಾಚೆ ಒಲಿವಾ ನಂಬುವುದೆಂದು ತೀರ್ಮಾನಿಸಿದಳು. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ. ಜೀತಾ ಹುಟ್ಟಿದ ಮೇಲೆ ಪ್ರತಿ ವರ್ಷ ನಿನ್ಫಾ ಅಂಗಡಿಯಿಂದ ಚೀಲದಲ್ಲಿ ತಂದುಕೊಟ್ಟ ಗೊಂಬೆಯನ್ನೇ ಮಾರನೆಯ ದಿನ ಅವಳ ಎದುರಿಗೇ ಎತ್ತಿ ಹಿಡಿದು, “ನೋಡಕ್ಕಾ, ಅಪ್ಪ ಏನು ತಂದಿದಾನೆ,” ಅನ್ನುತ್ತಿದ್ದಳು. ಕಣ್ಣಿನಲ್ಲಿ ತಮಾಷೆಯ ಒಂದು ಎಳೆಯೂ ಇರುತ್ತಿರಲಿಲ್ಲ. ನಿನ್ಫಾಳಿಗೆ ಆಗೆಲ್ಲ ತಾನು ಬಾಗಿಲ ಹೊರಗೆ ನಿಂತು ಕಿಟಕಿಯಿಂದ ನೋಡುತ್ತಿರುವಂತೆ ಅನಿಸುತ್ತಿತ್ತು.

ಕತ್ತಲಾಗುವ ಮೊದಲೇ ಜೀತಾ ಕಾಲು ತೊಳೆದುಕೊಂಡಳು. ಬಕೆಟ್ಟಿನಲ್ಲಿ ಸೋಪು ಹಾಕಿ, ಬೆರಳ ಸಂದಿಗಳನ್ನೂ ಬಿಡದೆ. ಮಂಚದ ಕಾಲಬದಿಯಲ್ಲಿ ನೆಲದ ಮೇಲೆ ಮಣೆಯನ್ನು ಹಲ್ಲು ಮೇಲಾಗಿ ಇಟ್ಟಳು. ಒಂದು ಲೋಟ ನೀರನ್ನೂ ಇಟ್ಟಳು, ನಡೆದು ಬಂದವರಿಗೆ ದಣಿವಾಗಿರುತ್ತದೆಂದು.

“ನಾನು ಮಲಗಿದ ಮೇಲೆ ನೀನು ತೆಗೀಬಾರ್ದು. ಆಣೆ ಮಾಡು.”

“ಆಣೆ.”

“ನಿಜ್ವಾಗ್ಲೂ ಮಾಡು. ಅಮ್ಮನ ಮೇಲೆ.”

“ನಿಮ್ಮಮ್ಮನ ಮೇಲಾಣೆ,” ಎಂದಳು ನಿನ್ಫಾ. ಮಗು ಮಲಗಿ, ಎರಡೂ ಪಾದಗಳನ್ನು ಹೊದಿಕೆಯ ಹೊರಗೆ ಚಾಚಿ, ಬಿಗಿಯಾಗಿ ಕಣ್ಣು ಮುಚ್ಚಿಕೊಂಡಿತು. ಅದಕ್ಕೆ ಮುಚ್ಚುವುದಕ್ಕೆ ಬರುತ್ತಿತ್ತು.

ಐದರ ಗಂಟೆ ಹೊಡೆದಾಗ ನಿನ್ಫಾ ಎದ್ದಳು. ನಿದ್ದೆ ಹತ್ತಿತ್ತೋ ಇಲ್ಲವೋ ಹೇಳಲಾರಳು. ಕಿಟಕಿಯಲ್ಲಿ ಬೂದಿ ಬಣ್ಣದ ಬೆಳಕು ಇನ್ನೂ ಬಂದಿರಲಿಲ್ಲ, ಕತ್ತಲೆ ಮಾತ್ರ ತೆಳುವಾಗಿತ್ತು. ಸದ್ದಾಗದಿರಲೆಂದು ಚಪ್ಪಲಿ ಬಿಟ್ಟಳು. ಅಮ್ಮನೂ ಹೀಗೇ ಬರಿಗಾಲಲ್ಲಿ ಬಂದಿದ್ದಳು. ಹೊಲಿಗೆ ಯಂತ್ರದ ಮುಚ್ಚಳದಿಂದ ಗೊಂಬೆಯನ್ನು ತೆಗೆದು, ಗೋಡೆ ಸವರಿಕೊಂಡು, ಮಣೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿದ್ದುದರಿಂದ ಎಡಕ್ಕೆ ಬಳಸಿ ಹೋಗಿ, ಬಟ್ಟೆ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಳು. ತಿರುಗಿದಾಗ ಮಗುವಿನ ಪಾದಗಳು ಕಂಡವು. ಕತ್ತಲಲ್ಲಿ ಅವು ಬಣ್ಣ ಹಚ್ಚದ ಸಕ್ಕರೆಯ ಹಾಗೆ ಬೆಳ್ಳಗಿದ್ದವು. ಚಳಿಗೆ ಬೆರಳುಗಳು ಮುದುಡಿದ್ದರೂ ಒಳಗೆ ಎಳೆದುಕೊಂಡಿರಲಿಲ್ಲ. ಒಂದು ಗೀರು ಸಾಕು, ಎಂದು ಯಾವುದೋ ದನಿ ಅವಳೊಳಗೆ ಹೇಳಿತು. ಅದು ತನ್ನದೇ ದನಿ, ಶೂ ಬಿಚ್ಚಿಸಿದ ದನಿ. ಇಲ್ಲ, ಎಂದುಕೊಂಡಳು. ಬಗ್ಗಿ, ಹೊದಿಕೆಯ ಅಂಚನ್ನು ಎಳೆದು ಆ ಪಾದಗಳನ್ನು ಮುಚ್ಚಿ, ಬಂದ ದಾರಿಯಲ್ಲೇ ಗೋಡೆ ಸವರಿಕೊಂಡು, ಅಷ್ಟೇ ಬಳಸಿ ಹಿಂದಿರುಗಿದಳು. ಬಾಗಿಲಿಗೆ ಇನ್ನು ಎರಡು ಹೆಜ್ಜೆ ಇತ್ತು. ಮೊದಲನೆಯದರಲ್ಲೇ ಮಣೆ ಕಾಲ ಕೆಳಗಿತ್ತು.

ಮೈಯ ಭಾರವೆಲ್ಲ ಅದರ ಮೇಲೆ ಬಿದ್ದು ಪಾದ ಸರ್ರನೆ ಜಾರಿತು. ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಬೆಂಕಿ ಎಳೆದಂತಾಯಿತು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಬರದಂತೆ ಅವಳು ತಡೆದಳು, ಹಾಗೆ ತಡೆಯುವಾಗ ತನ್ನ ಬಾಯಿ ಹೇಗೆ ತೆರೆದಿದೆಯೆಂಬುದು ಅವಳಿಗೆ ಗೊತ್ತಿತ್ತು. ಗೋಡೆ ಹಿಡಿದು ಅಡುಗೆಮನೆಗೆ ಕುಂಟಿದಳು. ಮಣೆ ಮಂಚದ ಕಾಲಬದಿಯಲ್ಲಿತ್ತು, ಬಾಗಿಲ ಹತ್ತಿರ ಅಲ್ಲ. ಮಗು ನೀರು ಕುಡಿಯಲು ಎದ್ದಾಗ ಕಾಲಿಗೆ ತಾಗಿ ಸರಿದಿರಬೇಕು. ಅಥವಾ ಬಗ್ಗಿದಾಗ ತನ್ನ ಲಂಗವೇ ಎಳೆದಿರಬೇಕು. ಅಥವಾ ಕತ್ತಲಲ್ಲಿ ತನಗೇ ಹೆಜ್ಜೆ ತಪ್ಪಿರಬೇಕು. ಮೂರು ಕಾರಣ ಸಿಕ್ಕಿದವು, ಮೂರೂ ಸರಿಯಾಗಿದ್ದವು. ಕುರ್ಚಿಯ ಮೇಲೆ ಕೂತು, ಉರಿಯುವ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಅವಳು ಒಂದಾದ ಮೇಲೊಂದರಂತೆ ಅವನ್ನು ಹೇಳಿಕೊಂಡಳು. ಬೆನ್ನ ಹಿಂದೆ ಗೋಡೆಯ ಕಡೆಗೆ ತಿರುಗಿ ಯಾರೋ ಮಲಗಿದ್ದಾರೆ, ತಾನು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದಾರೆ ಅನಿಸಿತು. ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ನೋಡಲಿಲ್ಲ.

ಬೆಳಕಾದಾಗ ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಮಗು ಅಂಗಾಲು ನೋಡಿಕೊಳ್ಳುತ್ತಿದೆ, ಮೊದಲು ಒಂದು, ಆಮೇಲೆ ಇನ್ನೊಂದು. ಕೆಳಗಿನ ಬೀದಿಯಲ್ಲಿ ಬೇರೆ ಮಕ್ಕಳ ಕೂಗು, ತಗಡಿನ ತುತ್ತೂರಿಯ ಸದ್ದು ಆಗಲೇ ಎದ್ದಿತ್ತು. ಪೆಟ್ಟಿಗೆ ಸರಿದ ಸದ್ದಾಯಿತು. ಜೀತಾ ಗೊಂಬೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಅದನ್ನು ಮುಂದಿನಿಂದ ನೋಡಲಿಲ್ಲ, ಬೆನ್ನು ತಿರುಗಿಸಿ ಹಿಡಿದಿದ್ದಳು.

“ಬೆನ್ನಿಗೆ ಯಾರೂ ಬಣ್ಣ ಹಚ್ಚಲ್ಲ ಅಂತ ನೀನೇ ಹೇಳಿದ್ದೆ,” ಎಂದಳು. ದನಿಯಲ್ಲಿ ಅಳುವೇನೂ ಇರಲಿಲ್ಲ, ವಯಸ್ಸಾದವರ ದನಿ. “ಇದು ಅಮ್ಮನ ಜಡೆ. ಇದನ್ನ ಬರೆದಿದ್ದು ನೀನು. ಇಟ್ಟಿದ್ದೂ ನೀನೇ. ನನ್ನ ಕಾಲಿಗೇನೂ ಆಗಿಲ್ಲ. ಅವಳು ಬರಲಿಲ್ಲ.”

ಎಷ್ಟು ಚೆಂದದ ತಪ್ಪು. ಒಂದು ಜಡೆ ಬರೆಯುವ ಆಸೆಗೆ ಇಡೀ ಊರಿನ ಮಕ್ಕಳಿಗೆ ಸಿಕ್ಕಿದ್ದು ಇವಳೊಬ್ಬಳಿಗೆ ಇಲ್ಲವಾಯಿತು. ನಿನ್ಫಾ ಏಳಲು ಹೋದಳು, ಕಾಲು ಊರಲಾಗಲಿಲ್ಲ. ಮಗುವಿನ ಕಣ್ಣು ನೆಲಕ್ಕೆ ಹೋಯಿತು. ಒಳಕೋಣೆಯ ಬಾಗಿಲಿಂದ ಕುರ್ಚಿಯವರೆಗೆ ಕಲ್ಲು ಹಾಸಿನ ಮೇಲೆ ಒಂದೇ ಪಾದದ ಗುರುತು, ಕೆಂಪಗೆ, ಒಂದು ಬಿಟ್ಟು ಒಂದು ಹೆಜ್ಜೆಗೆ. ಜೀತಾ ಆ ಗುರುತುಗಳ ಜೊತೆಗೇ ನಡೆದು ಬಂದು, ಗೊಂಬೆಯನ್ನು ಮೇಜಿನ ಮೇಲಿಟ್ಟು, ಮಂಡಿಯೂರಿ, ಎರಡೂ ಕೈಯಲ್ಲಿ ದೊಡ್ಡಮ್ಮನ ಪಾದವನ್ನು ಎತ್ತಿ ನೋಡಿದಳು. ಸಾಲುಸಾಲಾಗಿ, ತಗಡಿನ ಹಲ್ಲು ಇದ್ದಷ್ಟೂ ಗೀರು.

“ಅಮ್ಮ ನಿನ್ನನ್ನ ತುರಿದ್ಲಾ?”

ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಕತ್ತಲಲ್ಲಿ ತುಳಿದುಬಿಟ್ಟೆ ಕಣೆ, ಅಷ್ಟೇ. ನಿಜವಾದ ಉತ್ತರ. ಮೂವತ್ತು ವರ್ಷ ಹಿಂದೆ ಕಿವಿ ಹಿಡಿದೆಳೆದು ಹೇಳಿದ್ದೂ ನಿಜವಾದದ್ದೇ. ಮಗುವಿನ ಬೆರಳುಗಳು ಪಾದದ ಕೆಳಗೆ ತಣ್ಣಗಿದ್ದವು.

“ಹೂಂ,” ಎಂದಳು ನಿನ್ಫಾ. ಹೇಳಿದ ಮೇಲೆ ಬಾಯಲ್ಲಿ ಸುಳ್ಳಿನ ರುಚಿ ಬರುತ್ತದೆಂದು ಕಾದಳು. ಬರಲಿಲ್ಲ.

“ನನ್ನನ್ನ ಬಿಟ್ಟು? ಯಾಕೆ?”

“ನಿನ್ನ ಮೇಲೆ ಅವಳಿಗೇನೂ ಇರಲಿಲ್ಲ. ನಿನ್ನ ಕಾಲು ಹೊರಗಿತ್ತು, ಹೊದಿಸಿ ಮುಚ್ಚಿದಾಳೆ ನೋಡು. ಕೋಪ ಇದ್ದಿದ್ದು ನನ್ನ ಮೇಲೆ.” ಮುಂದಿನದು ಹೊರಗೆ ಬರುವುದಕ್ಕೆ ಹೊತ್ತು ಹಿಡಿಯಿತು. “ನಿನ್ನೆ ನಾನು ಸುಳ್ಳು ಹೇಳಿದೆ ಜೀತಾ. ಅವಳಿಗೆ ಹೇಳಿದ್ದೆ, ನೀನು ವಾಸನೆ ಅಂದೆ ಅಂತ. ಆದ್ರೆ ಅದು ಪೂರ್ತಿ ಅಲ್ಲ. ನೀನು ಒಂದ್ಸಲ ಬರಲ್ಲ ಅಂದೆ. ಆಮೇಲೆ ಬಾಗಿಲ ಹತ್ರ ಕೂತ್ಕೊಂಡು ಶೂ ಹಾಕ್ಕೋತಿದ್ದೆ. ನಾನು ನೋಡ್ದೆ. ನೋಡಿ, ಬೇಡ, ನಾಳೆ ಅಂದೆ. ಹೋಗಕ್ಕೆ ಭಯ ಇದ್ದಿದ್ದು ನನಗೆ. ನೀನು ಬರೋಳಿದ್ದೆ.”

ಮಗು ಹಣೆ ಗಂಟಿಕ್ಕಿ, ಎಲ್ಲೋ ದೂರದಲ್ಲಿ ಬಿದ್ದಿದ್ದನ್ನು ಹುಡುಕುತ್ತಿತ್ತು. “ಬಕ್ಕಲು,” ಎಂದಿತು ಆಮೇಲೆ. “ಎಡಗಾಲಿನ ಬಕ್ಕಲು ಹಾಕಕ್ಕೆ ಬರ್ತಿರ್ಲಿಲ್ಲ.”

“ಹೌದು. ಬರ್ತಿರ್ಲಿಲ್ಲ.”

“ಆದ್ರೂ ನಾನು ಹಾಕ್ಕೋತಿದ್ದೆ.”

“ಹಾಕ್ಕೋತಿದ್ದೆ.”

ಆಗ ಅತ್ತಿತು. ಎಂಟು ತಿಂಗಳಲ್ಲಿ ಮೊದಲ ಸಲ ಜೋರಾಗಿ, ಮೂಗು ಬಾಯಿ ಎಲ್ಲ ಸೇರಿಸಿ, ಮುಖವನ್ನು ನಿನ್ಫಾಳ ಮೊಣಕಾಲಿಗೆ ಒತ್ತಿ. ಕೆಳಗಿನಿಂದ ಸಾರಿನಾ ಅಜ್ಜಿ, “ಏನಾಯ್ತೇ ಮೇಲೆ? ಅದಕ್ಕೇ ಮಂಚದ ಕೆಳಗೆ ಇಡಿ ಅಂದಿದ್ದು!” ಎಂದು ಕೂಗಿದಳು. ಅಳು ತೀರಿದ ಮೇಲೆ ಜೀತಾ ತಾನೇ ಎದ್ದು ಬಟ್ಟಲಲ್ಲಿ ನೀರು ತಂದಳು, ಒದ್ದೆ ಬಟ್ಟೆಯಿಂದ ಆ ಪಾದವನ್ನು, ನಿನ್ನೆ ತನ್ನದನ್ನು ತೊಳೆದಷ್ಟೇ ಜಾಗ್ರತೆಯಿಂದ, ಬೆರಳ ಸಂದಿಗಳನ್ನೂ ಬಿಡದೆ ಒರೆಸಿದಳು. ಆಲಿವ್ ಎಣ್ಣೆ ಹಚ್ಚಿ ಊದಿದಳು.

“ಏನಾದ್ರೂ ಅಂದ್ಲಾ?”

“ಇಲ್ಲ. ಮಾತಾಡಲಿಲ್ಲ.”

“ಈಗ ಕೋಪ ಹೋಯ್ತಾ?”

“ಗೊತ್ತಿಲ್ಲ ಮಗಾ.” ಇದೂ ಸುಳ್ಳಲ್ಲ.

ಜೀತಾ ಒಳಗೆ ಹೋಗಿ ಮಣೆಯನ್ನು ತಂದಳು. ಹಲ್ಲುಗಳ ನಡುವೆ ಒಣಗಿದ್ದ ಕೆಂಪನ್ನು ನೋಡಿ, ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಳು. “ಹೋಗಿರ್ದೇ ಇದ್ರೆ ಮತ್ತೆ ಬರ್ತಾಳಲ್ಲ. ಇದನ್ನ ನಾನು ಬಚ್ಚಿಡ್ತೀನಿ, ನಿನಗೋಸ್ಕರ. ಆದ್ರೆ ನೀನು ನೋಡ್ಬಾರ್ದು. ನೋಡಿದ್ರೆ, ಅವಳು ಕೇಳಿದಾಗ ಹೇಳ್ಬಿಡ್ತೀಯ. ಕಣ್ಣು ಮುಚ್ಚು.”

“ಸ್ಮಶಾನಕ್ಕೆ ಹೊತ್ತಾಗತ್ತೆ ಕಣೆ. ಅವಳು ಅಲ್ಲಿ ಕಾಯ್ತಿರ್ತಾಳೆ.”

“ಕಣ್ಣು ಮುಚ್ಚು ದೊಡ್ಡಮ್ಮಾ.”

ನಿನ್ಫಾ ಮುಚ್ಚಿದಳು. ರೆಪ್ಪೆಯ ಹಿಂದೆ ಬೆಳಗಿನ ಬಿಸಿಲು ಕೆಂಪಗಿತ್ತು. ಮೇಜಿನ ಮೇಲೆ ಗೊಂಬೆ ತನ್ನ ಕಡೆ ಮುಖ ಮಾಡಿ ನಿಂತಿದೆಯೋ ಬೆನ್ನು ಮಾಡಿ ನಿಂತಿದೆಯೋ ನೆನಪಾಗಲಿಲ್ಲ. ಬರಿಗಾಲಿನ ಹೆಜ್ಜೆಗಳು ಒಲೆಯ ಕಡೆ ಹೋದವು, ಅಲ್ಲಿಂದ ಒಳಕೋಣೆಗೆ, ಅಲ್ಲಿಂದ ಎಲ್ಲಿಗೋ. ಒಂದು ಕ್ಷಣ ಅವು ಮಗುವಿನ ಹೆಜ್ಜೆಗಿಂತ ನಿಧಾನವಾಗಿದ್ದವು. ರೆಪ್ಪೆ ಅದುರಿತು.

“ತೆರೀಲಾ?”

“ಇನ್ನೂ ಇಲ್ಲ,” ಎಂದಿತು ದೂರದಿಂದ ದನಿ.

ಅವಳು ತೆರೆಯಲಿಲ್ಲ.